ತಾರಸಿಗೆ ಬಂದು ಕೂತ ಹದ್ದಿನ ಮರಿ: ಹಿಡಿಯಬೇಕೇ, ಬಿಡಬೇಕೇ?

ಪ್ರಶ್ನೆ: ಬೆಂಗಳೂರಿನ ಬನಶಂಕರಿಯಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ನಮ್ಮದು. ಪಕ್ಕದ ಸೈಟಿನ ಸಿಲ್ವರ್ ಓಕ್ ಮರದಲ್ಲಿ ಹದ್ದು ಗೂಡು ಕಟ್ಟಿದೆ. ಮೊನ್ನೆ ಬೆಳಿಗ್ಗೆಯಿಂದ ಅದರ ಮರಿಯೊಂದು ನಮ್ಮ ತಾರಸಿಯಲ್ಲಿದೆ. ನೋಡಲು ದೊಡ್ಡ ಹದ್ದಿನಷ್ಟೇ ಇದೆ, ಆದರೆ ಹಾರುತ್ತಿಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ಕೂರುತ್ತದೆ, ಅಷ್ಟಿಷ್ಟು ನಡೆಯುತ್ತದೆ, ಒಮ್ಮೊಮ್ಮೆ ಹೊಟ್ಟೆ ನೆಲಕ್ಕೆ ಹಚ್ಚಿ ಸತ್ತಂತೆ ಮಲಗಿಬಿಡುತ್ತದೆ. ಕಾಗೆಗಳು ಸುತ್ತ ಸೇರಿ ಕೂಗುತ್ತವೆ. ಬಟ್ಟೆ ಒಣಗಿಸಲು ಹೋದ ನಮ್ಮತ್ತೆಯವರ ತಲೆಗೆ ತಾಯಿ ಹದ್ದು ಉಗುರು ತಾಗಿಸಿ ಗಾಯವಾಯಿತು. ವಾಚ್‌ಮನ್ "ಎತ್ತಿ ಗಾಳಿಗೆ ತೂರಿದ್ರೆ ತಾನೇ ಹಾರುತ್ತೆ" ಅಂತಾರೆ. ಅತ್ತೆ "ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸಲ್ಲ" ಅಂತಾರೆ. ಮಕ್ಕಳು ಕೋಳಿಮಾಂಸ, ಹಾಲು ಇಡೋಣ ಅಂತ ಹಟ ಹಿಡಿದಿದ್ದಾರೆ. ಸಂಘದವರು ಗೂಡನ್ನೇ ತೆಗೆಸಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮಗೆ ಎರಡು ಆತಂಕಗಳಿವೆ. ಮರಿ ಸತ್ತುಹೋದೀತೆಂಬುದು ಒಂದು, ಮನೆಯವರಿಗೆ ಮತ್ತೆ ಗಾಯವಾದೀತೆಂಬುದು ಇನ್ನೊಂದು. ಮೊದಲನೆಯದಕ್ಕೆ ಸಮಾಧಾನ ನಿಮ್ಮ ಪತ್ರದಲ್ಲೇ ಇದೆ. ಹದ್ದು ಇನ್ನೂ ಜನರ ಮೇಲೆ ಎರಗುತ್ತಿದೆಯೆಂದರೆ ಮರಿಯನ್ನು ಅದು ಕೈಬಿಟ್ಟಿಲ್ಲ. ಗೂಡು ಪಕ್ಕದಲ್ಲೇ ಇದೆ, ಮರಿ ನಡೆದಾಡುತ್ತಿದೆ, ಬಿಸಿಲಾದಾಗ ನೆರಳು ಹುಡುಕಿಕೊಳ್ಳುತ್ತಿದೆ. ಇಷ್ಟನ್ನು ನೋಡಿದರೆ, ಹಾರಾಟ ಕಲಿಯುವ ಮಧ್ಯದಲ್ಲಿ ನಿಮ್ಮ ತಾರಸಿಗೆ ಇಳಿದು, ಅಲ್ಲಿಂದ ಮೇಲೇಳಲಾಗದೆ ಉಳಿದಿರುವ ಮರಿ ಎನಿಸುತ್ತದೆ. ಖಚಿತಪಡಿಸಿಕೊಳ್ಳಲು ಕೆಲವು ಗುರುತುಗಳಿವೆ, ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಹಿಡಿಯುವುದು ಬೇಡ, ತೂರುವುದಂತೂ ಬೇಡವೇ ಬೇಡ.

ನಗರಗಳಲ್ಲಿ ಎಲ್ಲೆಲ್ಲೂ ಕಾಣುವ, ಬಾಲದ ತುದಿ ಕೊಂಚ ಕವಲೊಡೆದ ಕಂದು ಬಣ್ಣದ ಕರಿಹದ್ದು ಇದು ಎಂದುಕೊಂಡು ಬರೆಯುತ್ತಿದ್ದೇನೆ. ಬಿಳಿ ತಲೆಯ ಗರುಡನ ಮರಿಗೂ ಮೊದಲ ವರ್ಷ ಮೈಯೆಲ್ಲ ಕಂದೇ ಇರುತ್ತದೆ, ಆದರೆ ಅದರ ಬಾಲದ ತುದಿ ದುಂಡು. ಯಾವುದಾದರೂ ಮಾಡಬೇಕಾದ್ದು ಬಹುಪಾಲು ಒಂದೇ.

ಕರಿಹದ್ದಿನ ಮೊಟ್ಟೆಗೆ ಸುಮಾರು ಒಂದು ತಿಂಗಳ ಕಾವು ಬೇಕು. ಮರಿ ಗೂಡಿನಲ್ಲಿರುವುದು ಆರರಿಂದ ಎಂಟು ವಾರ. ಬೆಂಗಳೂರಿನ ಕಡೆ ಬೇಸಿಗೆಯ ತಿಂಗಳುಗಳಲ್ಲಿ ಮರಿಗಳು ಗೂಡು ಬಿಡುತ್ತವೆ. ಹೊರಡುವ ಮುಂಚಿನ ದಿನಗಳಲ್ಲಿ ಮರಿ ಗೂಡಿನ ಅಂಚಿನಲ್ಲಿ ನಿಂತು ಜೋರಾಗಿ ರೆಕ್ಕೆ ಬಡಿಯುತ್ತದೆ, ಗಾಳಿ ಬೀಸಿದಾಗ ಗೇಣುದ್ದ ಮೇಲೆದ್ದು ಮತ್ತೆ ಕೂರುತ್ತದೆ, ಪಕ್ಕದ ಕೊಂಬೆಗೆ ಜಿಗಿದು ವಾಪಸಾಗುತ್ತದೆ. ಮೊದಲ ಹಾರಾಟವೆಂದರೆ ಬಹುಮಟ್ಟಿಗೆ ಕೆಳಮುಖವಾಗಿ ತೇಲಿಬಂದು ಎಲ್ಲೋ ಒಂದು ಕಡೆ ಇಳಿಯುವುದಷ್ಟೇ. ಇಳಿಯುವ ಜಾಗವನ್ನು ಆರಿಸಿಕೊಳ್ಳುವಷ್ಟು ಹಿಡಿತ ಇನ್ನೂ ಬಂದಿರುವುದಿಲ್ಲ. ಸರಿಯಾದ ಕ್ಷಣಕ್ಕೆ ಬಾಲ ಹರಡಿ, ರೆಕ್ಕೆಯನ್ನು ಹಿಂದಕ್ಕೆತ್ತಿ ವೇಗ ತಗ್ಗಿಸಿ, ಕಾಲು ಮುಂದೆ ಚಾಚುವುದು ಬಹಳ ಸಲ ತಪ್ಪಿದ ಮೇಲೇ ಕೈಗೂಡುವ ಕೆಲಸ. ಬೇಸಿಗೆ ಮಳೆಯ ಬಿರುಗಾಳಿ, ಗೂಡಿನಲ್ಲಿ ಒಡಹುಟ್ಟಿದ ಮರಿಯ ನೂಕಾಟ, ಅದೇ ಹೊತ್ತಿಗೆ ಯಾರೋ ಕೊಂಬೆ ಕಡಿಯುವುದು, ಇವೆಲ್ಲ ಮರಿಯನ್ನು ನಾಲ್ಕೈದು ದಿನ ಮೊದಲೇ ಕೆಳಗಿಳಿಸಿಬಿಡುತ್ತವೆ.

"ದೊಡ್ಡದರಷ್ಟೇ ಇದೆ, ಹಾರುತ್ತಿಲ್ಲ" ಎಂದು ಬರೆದಿದ್ದೀರಿ. ಗೂಡು ಬಿಡುವ ಹೊತ್ತಿಗೆ ಮರಿಯ ಮೈತೂಕ ಹೆಚ್ಚುಕಡಿಮೆ ದೊಡ್ಡದರ ಮಟ್ಟ ಮುಟ್ಟಿರುತ್ತದೆ. ಬಾಕಿ ಇರುವುದು ಗರಿ ಮತ್ತು ಸ್ನಾಯು. ಬೆಳೆಯುತ್ತಿರುವ ಹಾರುಗರಿಯ ಬುಡದಲ್ಲಿ ಬಾಲ್‌ಪೆನ್ನಿನ ರೀಫಿಲ್‌ನಂಥ ನೀಲಿಗಪ್ಪು ಕೊಳವೆ ಇರುತ್ತದೆ, ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಗರಿ ಪೂರ್ತಿ ಬೆಳೆದ ಮೇಲೆ ರಕ್ತ ಬತ್ತಿ, ಕೊಳವೆ ಗಟ್ಟಿಯಾಗಿ ತೆಳುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಮುಂಚೆ ಆ ಗರಿ ಮುರಿದರೆ ರಕ್ತ ಸುರಿಯುತ್ತದೆ. ಇಂಥ ಮರಿ ತಾರಸಿಯ ಮಧ್ಯದಲ್ಲಿ ಇಳಿದರೆ ಸಿಕ್ಕಿಕೊಂಡಂತೆಯೇ. ಅದರ ಉದ್ದನೆಯ ರೆಕ್ಕೆಗಳು ಎತ್ತರದ ಕೊಂಬೆಯಿಂದ ಕೆಳಗೆ ಧುಮುಕಿ ಗಾಳಿ ಹಿಡಿಯಲು ಅನುಕೂಲ. ಸಮತಟ್ಟು ನೆಲದಿಂದ, ಗಾಳಿಯಿಲ್ಲದ ಕಡೆಯಿಂದ, ನೇರ ಮೇಲೇಳಲು ಬೇಕಾದ ಎದೆಯ ಸ್ನಾಯು ಇನ್ನೂ ಬಲಿತಿಲ್ಲ. ಸುತ್ತ ಮೂರೂವರೆ ನಾಲ್ಕು ಅಡಿಯ ನುಣುಪು ಗೋಡೆ ಬೇರೆ. ಎರಡು ದಿನದಿಂದ ಅದು ಅಲ್ಲೇ ಇರುವುದಕ್ಕೆ ಗಾಯಕ್ಕಿಂತ ಈ ಗೋಡೆಯೇ ಕಾರಣವಿರಬಹುದು.

ಈಗ ಗುರುತುಗಳು. ಮೆಟ್ಟಿಲ ಬಾಗಿಲನ್ನು ಬೆರಳಷ್ಟು ತೆರೆದು, ಒಳಗಿನಿಂದ ನೋಡಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಜೂಮ್ ಸಾಕು. ಮರಿಯ ಮೈತುಂಬ ಗರಿ ಇದ್ದು, ಎದೆಯ ಮೇಲೆ ತಿಳಿ ಗೀರುಗಳು, ರೆಕ್ಕೆಯ ಮೇಲೆ ಮಾಸಲು ಬಿಳಿ ಚುಕ್ಕೆಗಳು ಕಂಡರೆ ಅದು ಗೂಡು ಬಿಡುವ ವಯಸ್ಸಿನದು. ತಲೆಯ ಮೇಲೆ ಅಲ್ಲಲ್ಲಿ ನಯತುಪ್ಪಳ ಉಳಿದಿದ್ದರೂ ಚಿಂತೆಯಿಲ್ಲ. ಮೈಯೆಲ್ಲ ತುಪ್ಪಳವೇ ಇದ್ದು, ಗರಿಗಳು ಇನ್ನೂ ಕೊಳವೆಯೊಳಗೇ ಇದ್ದರೆ ಅದು ಗೂಡಿನಿಂದ ಬಿದ್ದ ಎಳೆಮರಿ. ಅದರ ವಿಚಾರ ಬೇರೆ.

ರೆಕ್ಕೆಗಳನ್ನು ನೋಡಿ. ಎರಡೂ ಒಂದೇ ಮಟ್ಟದಲ್ಲಿ ಮೈಗೆ ಮಡಚಿಕೊಂಡಿರಬೇಕು. ಒಂದು ಮಾತ್ರ ಜೋತುಬಿದ್ದು ನೆಲ ಸವರುತ್ತಿದ್ದರೆ ಮೂಳೆ ಮುರಿದಿರುವ ಸಂಭವ ಹೆಚ್ಚು. ಮೈ ಚಾಚುವಾಗ, ರೆಕ್ಕೆ ಬಡಿಯುವಾಗ ಎರಡೂ ಭುಜಕ್ಕಿಂತ ಮೇಲಕ್ಕೆ ಏಳುತ್ತವೆಯೇ ಗಮನಿಸಿ. ಭುಜವನ್ನೂ ಎದೆಮೂಳೆಯನ್ನೂ ಜೋಡಿಸುವ ಕೊರಕಾಯ್ಡ್ ಮೂಳೆ ಮುರಿದಾಗ, ಕೂತ ಹಕ್ಕಿ ನೋಡಲು ಸರಿಯಾಗಿಯೇ ಇರುತ್ತದೆ. ರೆಕ್ಕೆ ಎತ್ತಲು ಹೋದಾಗಲೇ ತಿಳಿಯುವುದು. ಕಣ್ಣು ಎರಡೂ ಪೂರ್ತಿ ತೆರೆದಿರಬೇಕು, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬೇಕು, ತಲೆ ನೆಟ್ಟಗಿರಬೇಕು. ನಡುಬಿಸಿಲಲ್ಲಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ, ತಂಪಾದ ಬೆಳಗಿನಲ್ಲೂ ಹಾಗೇ ಮಾಡಿದರೆ ಸಹಜವಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗುವುದನ್ನು ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಬೇಟೆಹಕ್ಕಿಗಳ ಮರಿಗಳು ವಿಶ್ರಾಂತಿ ಪಡೆಯುವುದೇ ಹಾಗೆ. ಸದ್ದಾದ ಕೂಡಲೇ ತಲೆ ಎತ್ತಿ ನೋಡಿದರೆ ಆಯಿತು.

ಮರಿ ಊಟ ಮಾಡುತ್ತಿದೆಯೇ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ. ಬಿಳಿ ಸುಣ್ಣದಂಥ ಭಾಗದ ನಡುವೆ ಗಟ್ಟಿಯಾದ ಕಪ್ಪು ಅಥವಾ ಕಂದು ಭಾಗವಿದ್ದರೆ ಹೊಟ್ಟೆಗೆ ಬಿದ್ದಿದೆ. ಬರೀ ನೀರುನೀರಾದ ಕಡುಹಸಿರು ಹಿಕ್ಕೆ ಹಸಿವಿನ ಗುರುತು. ಗುಟುಕು ತಿಂದ ಸ್ವಲ್ಪ ಹೊತ್ತಿನವರೆಗೆ ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಒಂದು ಉಬ್ಬು ಕಾಣುತ್ತದೆ, ಅದು ಆಹಾರಚೀಲ. ತಾರಸಿಯಲ್ಲಿ ಇಲಿಯ ಬಾಲ, ಮೀನಿನ ಮುಳ್ಳು, ಪುಕ್ಕದ ಚೂರು, ಕೂದಲು ಗಂಟಾದ ಬೂದು ಉಂಡೆ ಸಿಕ್ಕರೆ ಅದೂ ಒಳ್ಳೆಯ ಲಕ್ಷಣ. ಜೀರ್ಣವಾಗದ್ದನ್ನು ಹದ್ದು ಬಾಯಿಂದ ಹೀಗೆ ಹೊರಹಾಕುತ್ತದೆ, ಕಾಯಿಲೆಯ ವಾಂತಿಯಲ್ಲ.

ತಾಯಿತಂದೆ ಗುಟುಕು ತಂದುಕೊಡುವುದನ್ನೇ ಕಣ್ಣಾರೆ ನೋಡಬೇಕೆಂದರೆ ತಾಳ್ಮೆ ಬೇಕು. ತಾರಸಿಯಲ್ಲಿ ಒಬ್ಬರು ನಿಂತಿದ್ದರೂ ದೊಡ್ಡ ಹದ್ದುಗಳು ಆಹಾರ ಹಿಡಿದುಕೊಂಡೇ ಮರದಲ್ಲಿ ಕಾಯುತ್ತವೆ. ಅರ್ಧ ಗಂಟೆಗೊಮ್ಮೆ ಮೇಲೆ ಹೋಗಿ "ಇನ್ನೂ ಯಾರೂ ಬಂದಿಲ್ಲ" ಎಂದುಕೊಳ್ಳುವವರೇ ಗುಟುಕನ್ನು ತಡೆಯುತ್ತಿರುತ್ತಾರೆ. ನಾಲ್ಕರಿಂದ ಆರು ಗಂಟೆ ಬಾಗಿಲು ಮುಚ್ಚಿಟ್ಟು, ಪಕ್ಕದ ಕಟ್ಟಡದಿಂದಲೋ ಕಿಟಕಿಯಿಂದಲೋ ನೋಡಿ. ಬೆಳಗಿನ ಹೊತ್ತು ಒಳ್ಳೆಯದು.

ಗುರುತುಗಳೆಲ್ಲ ಸರಿಯಿದ್ದರೆ ನಿಮ್ಮ ಕೆಲಸ ತಾರಸಿಯನ್ನು ಸರಿಮಾಡುವುದು. ಒಂದೇ ಸಲ ಹೋಗಿ, ಹತ್ತು ನಿಮಿಷದಲ್ಲಿ ಮುಗಿಸಿ ಬನ್ನಿ. ಮೊದಲು ಮೇಲೆ ಹತ್ತುವ ದಾರಿ. ಐದಾರು ಅಡಿ ಉದ್ದದ ಹಲಗೆಗೆ ಗೋಣಿಚೀಲ ಸುತ್ತಿ ಹಗ್ಗದಿಂದ ಬಿಗಿದು, ಗೂಡಿನ ಮರದ ಕಡೆಯ ಗೋಡೆಗೆ ಓರೆಯಾಗಿ ಒರಗಿಸಿ. ಗೋಣಿ ಯಾಕೆಂದರೆ ನುಣುಪು ಹಲಗೆಯ ಮೇಲೆ ಉಗುರು ಜಾರುತ್ತದೆ. ಹಲಗೆ ಇಲ್ಲದಿದ್ದರೆ ಮಣಿಕಟ್ಟಿನಷ್ಟು ದಪ್ಪದ, ತೊಗಟೆ ಇರುವ ಕೊಂಬೆಯೂ ಆದೀತು. ಅಲುಗಾಡದಂತೆ ಬುಡಕ್ಕೆ ಇಟ್ಟಿಗೆ ಕೊಡಿ. ಗೋಡೆಯ ಮೇಲೆ ಹತ್ತಿದ ಮರಿಗೆ ಗಾಳಿ ಸಿಗುತ್ತದೆ, ಧುಮುಕಲು ಎತ್ತರ ಸಿಗುತ್ತದೆ, ತಾಯಿಯ ಕಣ್ಣಿಗೂ ಸುಲಭವಾಗಿ ಬೀಳುತ್ತದೆ. ಬಹಳ ಮರಿಗಳಿಗೆ ಬೇಕಾದ ಸಹಾಯ ಇಷ್ಟೇ.

ನೀರಿನ ಟ್ಯಾಂಕುಗಳ ಮುಚ್ಚಳ ಭದ್ರವಾಗಿದೆಯೇ ನೋಡಿ. ತೆರೆದ ತೊಟ್ಟಿ, ಡ್ರಮ್ಮು, ನೀರು ತುಂಬಿದ ಬಕೆಟ್ಟು ಮರಿಗೆ ಸಾವಿನ ಬಾಯಿ. ಒಳಗೆ ಬಿದ್ದರೆ ನುಣುಪು ಗೋಡೆ ಹತ್ತಲಾಗದೆ ಮುಳುಗುತ್ತದೆ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ, ಜೋತಾಡುವ ಕೇಬಲ್, ಗಿಡಗಳ ಬಲೆ ಇದ್ದರೆ ತೆಗೆಯಿರಿ. ಬೇಸಿಗೆಯ ಮಧ್ಯಾಹ್ನದ ಕಾಂಕ್ರೀಟು ಸುಡುತ್ತದೆ, ಆದ್ದರಿಂದ ಒಂದು ಮೂಲೆಗೆ ಹಳೆಯ ಸೀರೆಯನ್ನೋ ಹಸಿರು ನೆರಳುಬಲೆಯನ್ನೋ ಬಿಗಿಯಾಗಿ ಕಟ್ಟಿ. ಎರಡಂಗುಲಕ್ಕಿಂತ ಆಳವಿಲ್ಲದ ಅಗಲ ತಟ್ಟೆಯಲ್ಲಿ ನೀರಿಡಬಹುದು, ಆದರೆ ಕುಡಿಸಲು ಹೋಗಬೇಡಿ. ಆಮೇಲೆ ಬಾಗಿಲಿಗೆ ಬೀಗ ಹಾಕಿ, ನಾಯಿ, ಬೆಕ್ಕು, ಮಕ್ಕಳು ಹೋಗದಂತೆ ನೋಡಿಕೊಳ್ಳಿ. ಕಾಗೆಗಳ ಗದ್ದಲಕ್ಕೆ ಹೆದರಬೇಕಿಲ್ಲ. ಹದ್ದನ್ನು ಕಂಡರೆ ಅವು ಕೂಗುವುದು ಇದ್ದದ್ದೇ, ಆರೋಗ್ಯವಾಗಿರುವ ಈ ಗಾತ್ರದ ಮರಿಯ ತಂಟೆಗೆ ಬಂದರೂ ಕೊಲ್ಲುವುದು ಅಪರೂಪ, ಮೇಲಾಗಿ ತಾಯಿ ಅಲ್ಲೇ ಇದೆ.

ಇನ್ನು ವಾಚ್‌ಮನ್ ಹೇಳಿದ್ದು. ತೂರಿದ ಮರಿಗೆ ದಿಕ್ಕಿನ ಮೇಲೆ ಹಿಡಿತವಿರುವುದಿಲ್ಲ. ಎದುರು ಗೋಡೆಗೆ ಎದೆ ಬಡಿದು ಆಗಲೇ ಹೇಳಿದ ಕೊರಕಾಯ್ಡ್ ಮುರಿಯುತ್ತದೆ, ಇಲ್ಲವೇ ರಸ್ತೆಗೆ ಬೀಳುತ್ತದೆ. ತಾಯಿ ಹದ್ದು ಮರಿಯನ್ನು ಆಕಾಶದಿಂದ ಬೀಳಿಸಿ ಬೆನ್ನ ಮೇಲೆ ಹಿಡಿದು ಹಾರಲು ಕಲಿಸುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವ ಕಥೆಯೂ ಈ ನಂಬಿಕೆಗೆ ನೀರೆರೆದಿದೆ. ಯಾವ ಹದ್ದೂ ಹಾಗೆ ಮಾಡುವುದಿಲ್ಲ. ಗುಟುಕು ಹಿಡಿದು ಮರಿಗೆ ಕಾಣುವಂತೆ ಪಕ್ಕದ ಕೊಂಬೆಯಲ್ಲಿ ಕೂತೋ ಮುಂದೆ ಹಾದುಹೋಗಿಯೋ ಆಸೆ ಹುಟ್ಟಿಸುತ್ತದೆ, ಅಷ್ಟೇ. ಮರಿ ತನ್ನ ಹೊತ್ತಿಗೆ ತಾನು ಹೊರಡುತ್ತದೆ.

ಅತ್ತೆಯವರ ಮಾತಿನಲ್ಲಿ ಮರಿಯನ್ನು ಮುಟ್ಟಬಾರದೆಂಬ ಕಾಳಜಿ ಸರಿ, ಕಾರಣ ಮಾತ್ರ ಸರಿಯಲ್ಲ. ಮನುಷ್ಯರ ವಾಸನೆ ತಾಗಿತೆಂದು ಹದ್ದು ಮರಿಯನ್ನು ದೂರ ಮಾಡುವುದಿಲ್ಲ. ವಾರಗಟ್ಟಲೆ ಸಾಕಿದ ಮರಿಯನ್ನು ಅದು ಕಣ್ಣಿನಿಂದ, ಕೂಗಿನಿಂದ ಗುರುತಿಸುತ್ತದೆ. ಅನಿವಾರ್ಯವಾಗಿ ಎತ್ತಿ ಬೇರೆ ಕಡೆ ಇಡಬೇಕಾದಾಗ ಈ ಭಯ ಅಡ್ಡ ಬರಬಾರದು.

ಆಹಾರದ ವಿಷಯಕ್ಕೆ ಬಂದರೆ, ಕಾಳಜಿಯಿರುವ ಮನೆಗಳಲ್ಲೇ ಹೆಚ್ಚು ಹಾನಿಯಾಗುವುದು ಇಲ್ಲಿ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ, ಭೇದಿಯಾಗಿ ಇರುವ ನೀರೂ ಹೋಗುತ್ತದೆ. ಕೊಕ್ಕು ಬಿಡಿಸಿ ಸಿರಿಂಜಿನಲ್ಲಿ ನೀರು ಬಿಟ್ಟರೆ, ನಾಲಿಗೆಯ ಬುಡದಲ್ಲೇ ತೆರೆದಿರುವ ಶ್ವಾಸನಾಳದ ಬಾಯಿಯಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಗಡಿಯ ಮೂಳೆಯಿಲ್ಲದ ಕೋಳಿಮಾಂಸದಲ್ಲಿ ರಂಜಕ ತುಂಬ ಇದ್ದು ಸುಣ್ಣಾಂಶ ತೀರ ಕಡಿಮೆ. ತಾಯಿ ತರುವ ಇಲಿ, ಓತಿಕ್ಯಾತ, ಸಣ್ಣ ಹಕ್ಕಿಗಳನ್ನು ಮೂಳೆಸಮೇತ ತಿನ್ನುವ ಮರಿಗೆ ಬರೀ ಮಾಂಸ ಕೊಡುತ್ತ ಹೋದರೆ, ಕೆಲವೇ ವಾರಗಳಲ್ಲಿ ಕಾಲಿನ ಮೂಳೆ ಮೆದುವಾಗಿ ಸೊಟ್ಟಗಾಗುತ್ತದೆ, ರೆಕ್ಕೆಯ ಮೂಳೆ ತಾನೇ ಮುರಿಯುತ್ತದೆ. ಬೆಳೆಯುವ ಹೊತ್ತಿನಲ್ಲಿ ಪೋಷಣೆ ಕೆಟ್ಟರೆ ಗರಿಗೆ ಅಡ್ಡಲಾಗಿ ತೆಳು ಗೆರೆಗಳು ಬೀಳುತ್ತವೆ. ಗರಿ ಮುಂದೆ ಮುರಿಯುವುದು ಅದೇ ಗೆರೆಯಲ್ಲಿ, ಮತ್ತೆ ಹೊಸ ಗರಿ ಬರಲು ಮುಂದಿನ ಗರಿ ಉದುರುವ ಕಾಲದವರೆಗೆ ಕಾಯಬೇಕು. ಪರಿಣತ ಚಿಕಿತ್ಸಾ ಕೇಂದ್ರಗಳಲ್ಲಿ ಉದುರಿದ ಗರಿಗಳನ್ನು ಕೂಡಿಟ್ಟು, ಮುರಿದ ಗರಿಯ ಕೊಳವೆಯೊಳಗೆ ಸಣ್ಣ ಕಡ್ಡಿ ತೂರಿಸಿ ಅಂಟಿಸುವ ವಿಧಾನವಿದೆ. ಆದರೆ ಆ ಸ್ಥಿತಿಗೆ ತರುವುದೇ ಬೇಡ.

ಇದಕ್ಕಿಂತ ಗಂಭೀರವಾದದ್ದು ಮರಿ ಕಳೆದುಕೊಳ್ಳುವ ಪಾಠ. ಗೂಡು ಬಿಟ್ಟ ಮೇಲೂ ಹಲವು ವಾರ ಅದು ತಾಯಿತಂದೆಯ ಹಿಂದೆ ಹಾರುತ್ತದೆ. ಬಿಸಿಗಾಳಿಯ ಸುಳಿ ಹಿಡಿದು ರೆಕ್ಕೆ ಬಡಿಯದೆ ಮೇಲೇರುವುದು, ನೆಲಕ್ಕಿಳಿಯದೆ ಕಾಲಿನಿಂದ ಆಹಾರ ಎತ್ತಿಕೊಳ್ಳುವುದು, ಹಾರುತ್ತಲೇ ಬಾಯಿಗಿಟ್ಟುಕೊಂಡು ತಿನ್ನುವುದು, ಇವೆಲ್ಲ ಆಗ ಕಲಿಯುವಂಥವು. ಮರಿಹದ್ದುಗಳು ಎಲೆ, ಕಡ್ಡಿಗಳನ್ನು ಗಾಳಿಯಲ್ಲಿ ಬಿಟ್ಟು ಮತ್ತೆ ಹಿಡಿಯುವ ಆಟ ಆಡುವುದು ಇದೇ ಅಭ್ಯಾಸ. ಮನೆಯಲ್ಲಿ ಸಾಕಿದ ಮರಿ ಇದ್ಯಾವುದೂ ಬಾರದೆ, ಮನುಷ್ಯರ ಕೈಯನ್ನೇ ಆಹಾರವೆಂದು ತಿಳಿದು, ಮುಂದೆ ಯಾರದೋ ತಲೆಯ ಮೇಲೆ ಎರಗುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ. ರೆಕ್ಕೆ ಜೋತುಬಿದ್ದಿದೆ, ರಕ್ತ ಕಾಣುತ್ತಿದೆ, ಒಂದು ಕಣ್ಣು ಮುಚ್ಚಿದೆ, ತಲೆ ಓರೆಯಾಗಿದೆ, ಹತ್ತಿರ ಹೋದರೂ ಕದಲುವುದಿಲ್ಲ, ಮೈಮೇಲೆ ನೊಣ ಮುತ್ತಿದೆ ಅಥವಾ ಗರಿಗಳ ನಡುವೆ ರವೆಯಷ್ಟು ಬಿಳಿ ಮೊಟ್ಟೆಗಳಿವೆ, ಬೆಕ್ಕು ಬಾಯಿ ಹಾಕಿದೆ, ಮೈಗೆ ಗಾಳಿಪಟದ ಮಾಂಜಾ ದಾರ ಸುತ್ತಿದೆ ಎಂದಾದರೆ ಆ ದಿನವೇ ಚಿಕಿತ್ಸೆ ಬೇಕು. ಹಗಲು ಪೂರ್ತಿ ಜನರಿಲ್ಲದಂತೆ ನೋಡಿಕೊಂಡರೂ ಸಂಜೆಯವರೆಗೆ ಯಾವ ದೊಡ್ಡ ಹದ್ದೂ ಸುಳಿಯದೆ, ಹಿಕ್ಕೆ ಹಸಿರಾಗಿದ್ದರೂ ಅಷ್ಟೇ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನಲ್ಲಿ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇಂಥ ಹಕ್ಕಿಗಳಿಗೆ ಚಿಕಿತ್ಸೆ ಕೊಡುತ್ತದೆ. ಬಂದು ಒಯ್ಯುವವರು ಸಿಕ್ಕರೆ ನೀವು ಹಿಡಿಯುವ ಅಗತ್ಯವೇ ಇಲ್ಲ.

ನೀವೇ ಹಿಡಿಯಬೇಕಾಗಿ ಬಂದರೆ ಅಪಾಯ ಕೊಕ್ಕಿನಿಂದ ಕಡಿಮೆ, ಕಾಲಿನ ಉಗುರಿನಿಂದ ಹೆಚ್ಚು. ಒಬ್ಬರು ಕೊಡೆ ಹಿಡಿದು ದೊಡ್ಡ ಹದ್ದಿನ ಕಡೆ ನೋಡುತ್ತಿರಲಿ. ಇನ್ನೊಬ್ಬರು ಚರ್ಮದ ಕೈಗವಸು ಹಾಕಿ, ದಪ್ಪ ಟವೆಲನ್ನು ಹಿಂದಿನಿಂದ ತಲೆಸಮೇತ ಮೇಲೆ ಹಾಕಿ, ಎರಡೂ ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯಬೇಕು. ಎದೆಯನ್ನು ಒತ್ತಬೇಡಿ, ಹಕ್ಕಿ ಉಸಿರಾಡುವುದು ಎದೆಮೂಳೆಯ ಅಲುಗಾಟದಿಂದ. ಕತ್ತಲಾದ ಕೂಡಲೇ ಮರಿ ಶಾಂತವಾಗುತ್ತದೆ. ಸುಮಾರು ಒಂದೂವರೆ ಅಡಿ ಉದ್ದ, ಅಷ್ಟೇ ಎತ್ತರದ ರಟ್ಟಿನ ಡಬ್ಬಿಗೆ ಮೊದಲೇ ಕೆಳಭಾಗದಲ್ಲಿ ಬೆರಳಗಲದ ತೂತುಗಳನ್ನು ಮಾಡಿ, ಹಳೆಯ ಬೆಡ್‌ಶೀಟ್ ಹಾಸಿ. ಎಳೆ ಬಿಟ್ಟ ಟರ್ಕಿ ಟವೆಲಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ತಂತಿ ಪಂಜರವಂತೂ ಬೇಡ, ಸರಳುಗಳ ನಡುವೆ ಗರಿಗಳೆಲ್ಲ ಮುರಿಯುತ್ತವೆ. ಡಬ್ಬಿಯೊಳಗೆ ಆಹಾರ, ನೀರು ಇಡದೆ, ಟಿವಿ ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿಡಿ. ಮಾಂಜಾ ಸುತ್ತಿದ್ದರೆ ಎಳೆದು ಬಿಡಿಸಬೇಡಿ, ರೆಕ್ಕೆಯ ಮುಂದಿನ ಅಂಚಿನ ತೆಳು ಪೊರೆ ಸೀಳಿದರೆ ಮತ್ತೆ ಹಾರುವುದು ಕಷ್ಟ. ಹೊರಗೆ ಜೋತಾಡುವ ದಾರವನ್ನು ಕತ್ತರಿಸಿ, ಮೈಗೆ ಸುತ್ತಿದ್ದನ್ನು ಹಾಗೇ ಬಿಟ್ಟು ವೈದ್ಯರಿಗೆ ಒಪ್ಪಿಸಿ. ಕೊನೆಗೆ ಸೋಪಿನಿಂದ ಕೈ ತೊಳೆಯಿರಿ. ಸುತ್ತಮುತ್ತ ಬೇರೆ ಹಕ್ಕಿಗಳೂ ಸತ್ತು ಬಿದ್ದಿದ್ದರೆ ಯಾವುದನ್ನೂ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ.

ಮರಿ ಆರೋಗ್ಯವಾಗಿದ್ದು ರಸ್ತೆಗೋ ಪಾರ್ಕಿಂಗಿಗೋ ಇಳಿದರೆ, ಇದೇ ರೀತಿ ಹಿಡಿದು ಗೂಡು ಕಾಣುವ ತಾರಸಿಗೆ ತಂದುಬಿಡುವುದು ಸಾಕು. ಗೂಡಿಗೇ ಸೇರಿಸಬೇಕೆಂದು ಮರ ಹತ್ತಿಸಬೇಡಿ. ಹತ್ತುವವರ ಮೇಲೆ ಹದ್ದು ಎರಗುತ್ತದೆ, ಗೂಡಿನಲ್ಲಿ ಉಳಿದ ಮರಿಯೂ ಹೆದರಿ ಹಾರಿಬಿಡುತ್ತದೆ. ತೀರ ಎಳೆಮರಿಯಾದರೆ, ತಳದಲ್ಲಿ ತೂತುಗಳಿರುವ ಒಂದೂವರೆ ಅಡಿ ಅಗಲದ ಬುಟ್ಟಿಗೆ ಕಡ್ಡಿ, ತೆಂಗಿನ ನಾರು ತುಂಬಿ, ಅದೇ ಮರದ ಗಟ್ಟಿ ಕವಲಿಗೋ ಗೂಡು ಕಾಣುವ ನೆರಳಿನ ಕಟ್ಟೆಗೋ ಭದ್ರವಾಗಿ ಕಟ್ಟಬಹುದು. ಆದರೆ ಬಿದ್ದ ಎಳೆಮರಿಗೆ ಒಳಗಾಯ ಸಾಮಾನ್ಯವಾದ್ದರಿಂದ ಮೊದಲು ಪಶುವೈದ್ಯರು ನೋಡಲಿ.

ಅತ್ತೆಯವರ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಟಿಟಿ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ಹಕ್ಕಿಗಳಿಂದ ರೇಬಿಸ್ ಬರುವುದಿಲ್ಲ. ಹದ್ದು ಎರಗುವುದು ಹೆಚ್ಚಾಗಿ ಹಿಂದಿನಿಂದ, ತಲೆಯ ಅತಿ ಎತ್ತರದ ಭಾಗಕ್ಕೆ. ಕೊಡೆ ಬಿಡಿಸಿಕೊಂಡರೆ, ಹೆಲ್ಮೆಟ್ ಹಾಕಿದರೆ ಏನೂ ಆಗದು. ಅದರ ಕಡೆಗೇ ಮುಖ ಮಾಡಿ ನಡೆದರೂ ಹಿಂಜರಿಯುತ್ತದೆ. ಎರಡು ಮೂರು ವಾರ ಬಟ್ಟೆಯನ್ನು ಬಾಲ್ಕನಿಯಲ್ಲಿ ಒಣಗಿಸಿ, ಟ್ಯಾಂಕ್ ನೋಡುವ ಕೆಲಸವನ್ನು ನಸುಕಿಗೆ ಅಥವಾ ಕತ್ತಲಾದ ಮೇಲೆ ಇಟ್ಟುಕೊಳ್ಳಿ. ಪಟಾಕಿ ಹೊಡೆದರೆ, ಕಲ್ಲು ಬೀಸಿದರೆ ಅದು ಇನ್ನಷ್ಟು ಕೆರಳುತ್ತದೆ. ಮರಿ ಚೆನ್ನಾಗಿ ಹಾರತೊಡಗಿದ ಮೇಲೆ ಈ ಕಾವಲು ತಾನಾಗಿ ನಿಲ್ಲುತ್ತದೆ.

ಸಂಘದವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂಬುದರೊಳಗೆ ಕಾಡುಹಕ್ಕಿಯನ್ನು ಹಿಡಿಯುವುದೂ ಬರುತ್ತದೆ, ಅದರ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬರುತ್ತದೆ. ಮರಿ ಇರುವಾಗ ಗೂಡು ತೆಗೆಸಿದವರು, ತೆಗೆದವರು ಇಬ್ಬರೂ ಸಿಕ್ಕಿಕೊಳ್ಳುತ್ತಾರೆ. ಮರದ ಕೊಂಬೆ ನಿಜವಾಗಿಯೂ ಕಟ್ಟಡಕ್ಕೆ ತಾಗುತ್ತಿದ್ದರೆ, ಮರಿಗಳೆಲ್ಲ ಹೊರಟ ಮೇಲೆ, ಪಾಲಿಕೆಯ ಅರಣ್ಯ ವಿಭಾಗದ ಅನುಮತಿ ಪಡೆದು ಸವರಿಸಬಹುದು. ಹದ್ದುಗಳು ಹಳೆಯ ಗೂಡಿಗೇ ವರ್ಷವರ್ಷ ಕಡ್ಡಿ, ಬಟ್ಟೆ, ಪ್ಲಾಸ್ಟಿಕ್ ಸೇರಿಸಿ ಬಳಸುತ್ತವೆ. ಹಾಗಾಗಿ ಮುಂದಿನ ಬೇಸಿಗೆಗೂ ಈ ಕುಟುಂಬ ಬರಬಹುದೆಂದು ತಿಳಿದು, ತಾರಸಿಯ ಗೋಡೆಗೆ ಆ ಹಲಗೆಯನ್ನು ಖಾಯಂ ಆಗಿ ಒರಗಿಸಿಟ್ಟರೆ ಒಳ್ಳೆಯದು.

ಮರಿ ಒಮ್ಮೆ ಗೋಡೆಯಿಂದ ಹೊರಟರೆ ಕಥೆ ಮುಗಿಯಿತೆಂದುಕೊಳ್ಳಬೇಡಿ. ಇನ್ನೂ ಕೆಲವು ದಿನ ಅದೇ ತಾರಸಿಗೆ, ಅಕ್ಕಪಕ್ಕದ ಮನೆಗಳಿಗೆ ಬಂದು ಇಳಿಯುತ್ತಿರುತ್ತದೆ. ಅಲ್ಲಿಯೂ ಯಾರಾದರೂ ಹಿಡಿದು ಡಬ್ಬಿಗೆ ಹಾಕಿಬಿಡುವ ಮೊದಲು ನೆರೆಯವರಿಗೆ ವಿಷಯ ತಿಳಿಸಿ. ಮರಿ ಇನ್ನೂ ಹಾರಾಟ ಪಳಗಿಸಿಕೊಳ್ಳುತ್ತಿರುವಾಗಲೇ ಆಷಾಢ ಬರುತ್ತದೆ, ನಮ್ಮ ಕಡೆ ಗಾಳಿಪಟದ ಕಾಲ. ಪ್ಲಾಸ್ಟಿಕ್ ಎಳೆಯ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ, ಮಾರಾಟ ಮಾತ್ರ ನಿಂತಿಲ್ಲ. ನಿಮ್ಮ ಮಕ್ಕಳು ಮರಿಗಾಗಿ ಏನಾದರೂ ಮಾಡಬೇಕೆಂದು ಹಟ ಹಿಡಿದಿದ್ದಾರಲ್ಲ, ತಾರಸಿಯಲ್ಲೂ ಕೈಗೆಟಕುವ ಗಿಡಗಳಲ್ಲೂ ಸಿಕ್ಕಿಕೊಂಡ ಹಳೆಯ ದಾರವನ್ನೆಲ್ಲ ಹುಡುಕಿ, ತುಂಡುತುಂಡಾಗಿ ಕತ್ತರಿಸಿ ಕಸಕ್ಕೆ ಹಾಕುವ ಕೆಲಸ ಅವರಿಗೆ ವಹಿಸಿ. ಕೈಗವಸು ಹಾಕಿಕೊಂಡು, ದೊಡ್ಡವರೊಬ್ಬರು ಜೊತೆಗಿದ್ದು, ಮರಿ ತಾರಸಿ ಬಿಟ್ಟ ಮೇಲೆ.